ಲೈಸೆನ್ಸ್ ಯಾವ ಬಗೆಯದು ಅಂತ ಕೇಳುವವರಿಲ್ಲ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದನ್ನೇ ಹೇಳಿಕೊಂಡು ಕಂಪ್ಯೂಟರ್ ಮಾರುವವರು ಸಣ್ಣ ಸಹಕಾರ ಸಂಘಗಳಿಗೂ ಕೊಟೇಶನ್ ಕೊಡುತ್ತಿದ್ದಾರೆ. ಸಾಗರ ತಾಲ್ಲೂಕಿನ ಒಂದು ಸಂಘದ ಲೆಕ್ಕ ಬರೆಯುವ ನನ್ನ ಮೇಜಿಗೂ ಬಂದಿವೆ. ರ‍್ಯಾಮ್ ಎಷ್ಟು, ಮಾನಿಟರ್ ಎಷ್ಟು ಇಂಚು, ಎಲ್ಲಾ ಇದೆ. ವಿಂಡೋಸ್ ಎದುರು ಮಾತ್ರ ‘ಒರಿಜಿನಲ್ ಕೀ, 600 ರೂ.’ ಅಷ್ಟೇ. ಕೀ ಅಂದರೆ ವಿಂಡೋಸ್ ಚಾಲೂ ಮಾಡುವ ಕೋಡ್.

ವಿಂಡೋಸ್ ಪ್ರೊ ಈ ರೇಟಿಗೆ ನ್ಯಾಯವಾಗಿ ಸಿಗುವುದಿಲ್ಲ. ಇಂಥ ಅಗ್ಗದ ಕೀಗಳಲ್ಲಿ ಎಷ್ಟೋ ಯಾವುದೋ ಕಂಪನಿ ಸಗಟಾಗಿ ಕೊಂಡ ವಾಲ್ಯೂಮ್ ಲೈಸೆನ್ಸ್‌ನಿಂದ ಸೋರಿದವು. ಹಾಕಿದ ಕೂಡಲೇ ಆ್ಯಕ್ಟಿವೇಟ್ ಆಗುತ್ತವೆ, ನಿಜ. ನಾಳೆ ಆ ಕೀ ಬಂದ್ ಆದರೆ ಯಾರನ್ನು ಕೇಳೋಣ? ಇನ್ನೊಬ್ಬರು, ‘ವಿಂಡೋಸ್ ಇಲ್ಲದೆ ಬರೀ ಡಾಸ್ ಇರುವ ಕಂಪ್ಯೂಟರ್ ತಗೊಳ್ಳಿ, ಆಮೇಲೆ ವಾಲ್ಯೂಮ್ ಲೈಸೆನ್ಸ್ ಹಾಕೋಣ’ ಅನ್ನುತ್ತಾರೆ. ವಿಂಡೋಸ್‌ನ ವಾಲ್ಯೂಮ್ ಲೈಸೆನ್ಸ್ ಬರೀ ಅಪ್‌ಗ್ರೇಡ್. ಅದರ ಕೆಳಗೆ ಅರ್ಹ ವಿಂಡೋಸ್ ಲೈಸೆನ್ಸ್ ಮೊದಲೇ ಇರಬೇಕು. ಕಂಪ್ಯೂಟರ್ ಜೊತೆ ಬರುವ ಒಇಎಂ ಲೈಸೆನ್ಸ್ ಅಗ್ಗ, ಆದರೆ ಆ ಯಂತ್ರ ಗುಜರಿಗೆ ಹೋದರೆ ಅದರ ಜೊತೆಗೇ ಹೋಯಿತು. ಬಿಡಿಯಾಗಿ ಕೊಳ್ಳುವ ರೀಟೇಲ್ ಲೈಸೆನ್ಸ್ ಆದರೆ ಬೇರೆ ಕಂಪ್ಯೂಟರ್‌ಗೆ ಒಯ್ಯಬಹುದು, ಬೆಲೆ ಜಾಸ್ತಿ.

ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಇಲ್ಲದ ಹಳೇ ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಅವುಗಳಿಗೆ ಮೈಕ್ರೋಸಾಫ್ಟ್ ಮಾರುವ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್‌ಗೆ ಸಂಸ್ಥೆಗಳಿಗೆ ಹೇಳಿದ ದರ ಮೊದಲ ವರ್ಷ ಕಂಪ್ಯೂಟರ್‌ಗೆ 61 ಡಾಲರ್, ಎರಡನೇ ವರ್ಷ ಅದರ ದುಪ್ಪಟ್ಟು. ಹಳೇ ಎತ್ತಿಗೆ ಹೊಸ ಎತ್ತಿನ ಮೇವು ಹಾಕಿದ ಹಾಗೆ.

ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್‌ಗೆ ಲೈಸೆನ್ಸ್ ದುಡ್ಡಿಲ್ಲ. ಕೇರಳದ ಶಾಲೆಗಳು ಎಷ್ಟೋ ವರ್ಷದಿಂದ ಅದರಲ್ಲೇ ನಡೆಯುತ್ತಿವೆ. ಬ್ರೌಸರ್‌ನಲ್ಲೇ ಕೆಲಸ ಮುಗಿಯುವ ಕೌಂಟರ್‌ಗೆ ಅದು ಧಾರಾಳ ಸಾಕು. ಆದರೆ ಪಾಸ್‌ಬುಕ್ ಪ್ರಿಂಟರ್‌ಗೆ ಡ್ರೈವರ್ ಸಿಗುತ್ತದಾ, ವಿಂಡೋಸ್‌ನಲ್ಲಿ ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೇ ಫೈಲುಗಳ ಗತಿ ಏನು ಅಂತ ಮೊದಲೇ ನೋಡಬೇಕು. ನಮ್ಮ ನಡಾವಳಿ, ನೋಟಿಸುಗಳೆಲ್ಲಾ ನುಡಿಯಲ್ಲೇ ಇವೆ. ಹಾಗಾಗಿ ಪತ್ರ ಟೈಪ್ ಮಾಡುವ ಒಂದು ಯಂತ್ರಕ್ಕೆ ವಿಂಡೋಸ್ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಎಲ್ಲಕ್ಕೂ ಒಂದೇ ಯಾಕೆ ಬೇಕು?

ಲೈಸೆನ್ಸ್ ಒಇಎಮ್ಮೋ ರೀಟೇಲೋ, ಯಾರ ಹೆಸರಿಗೆ ಇದೆ ಅಂತ ಬಿಲ್ಲಿನಲ್ಲಿ ಬರೆಯದಿದ್ದರೆ ಹಣ ಪಾವತಿ ಮಾಡಬಾರದು ಎಂದು ಸಹಕಾರ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಆಡಿಟರ್‌ಗಳೂ ಅದನ್ನು ಕೇಳಿ ನೋಡಲಿ.

– ಸಹಕಾರ ಸಂಘವೊಂದರ ಲೆಕ್ಕಿಗ, ಸಾಗರ ತಾಲ್ಲೂಕು