ಷೆಫೀಲ್ಡಿನಿಂದ ಅಪ್ಪನಿಗೆ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಹೋದ ಸಲ ಫೋನಿನಲ್ಲಿ ಕೇಳಿದ್ರಲ್ಲ, ಲೋಕಕ್ಕೆಲ್ಲ ಕಾರ್ಖಾನೆ ಕಲಿಸಿದ ಇಂಗ್ಲೆಂಡಿನಲ್ಲೇ ಯಾಕೆ ಇಷ್ಟೊಂದು ಬೀಗ ಬಿತ್ತು ಅಂತ. ಅದನ್ನ ಬರೆದೇ ಹೇಳ್ತೀನಿ.

ನಾವು ಸಾಮಾನಿಗೆ ಹೋಗೋದು ಮೆಡೋಹಾಲ್ ಅನ್ನೋ ಮಾಲಿಗೆ. 1990ರಲ್ಲಿ ತೆರೆದದ್ದು. ಅಲ್ಲಿ ಮೊದಲು ಹ್ಯಾಡ್‌ಫೀಲ್ಡ್ಸ್ ಉಕ್ಕಿನ ಕಾರ್ಖಾನೆ ಇತ್ತು. ಕರಗಿದ ಉಕ್ಕು ಸುರಿಯುವ ಕೆಲಸಗಾರರ ಕಂಚಿನ ಪ್ರತಿಮೆಯನ್ನ ಮಾಲಿನೊಳಗೇ ಇಟ್ಟಿದ್ದಾರೆ. ಪಕ್ಕದಲ್ಲಿ ಮಕ್ಕಳು ಐಸ್‌ಕ್ರೀಮ್ ತಿಂತಾ ನಿಂತಿರ್ತಾರೆ. 1913ರಲ್ಲಿ ಹ್ಯಾರಿ ಬ್ರಿಯರ್ಲಿ ಸ್ಟೇನ್‌ಲೆಸ್ ಸ್ಟೀಲ್ ಮಾಡಿದ ಊರು ಇದು!

ಹೊರದೇಶದ ಅಗ್ಗದ ಸರಕಿನಿಂದ ಹೀಗಾಯ್ತು ಅಂತ ಎಲ್ಲರೂ ಹೇಳ್ತಾರೆ. ಸುಳ್ಳಲ್ಲ. ಆದರೆ ದೊಡ್ಡ ಪೆಟ್ಟು ಮನೆಯವರದ್ದೇ ಅಂತ ನನ್ನ ಲೆಕ್ಕ. ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಬಂದ ವರ್ಷವೇ, 1979ರ ನವೆಂಬರಿನಲ್ಲಿ, ಬೆಲೆಯೇರಿಕೆ ತಡೆಯೋಕೆ ಬಡ್ಡಿ ದರವನ್ನ ಶೇ 17ಕ್ಕೆ ಏರಿಸಿದರು. ಅದೇ ಹೊತ್ತಿಗೆ ಉತ್ತರ ಸಮುದ್ರದ ಎಣ್ಣೆ ಬೇರೆ ಕೈಗೆ ಬಂತು. ಹೆಚ್ಚು ಬಡ್ಡಿಯ ಆಸೆಗೆ ಹೊರಗಿನ ದುಡ್ಡೂ ಇಲ್ಲಿಗೆ ಹರಿದು ಬಂತು. ಎಲ್ಲ ಸೇರಿ ಪೌಂಡಿನ ಬೆಲೆ ಸಿಕ್ಕಾಪಟ್ಟೆ ಏರಿತು. 1980ರ ಕೊನೆಗೆ ಒಂದು ಪೌಂಡಿಗೆ ಸುಮಾರು 2.40 ಡಾಲರ್. ಅಂದ್ರೆ 10 ಪೌಂಡಿನ ಚಾಕು ಅಮೆರಿಕದವನಿಗೆ 24 ಡಾಲರ್. 1976ರ ಕೊನೆಯಲ್ಲಿ 16-17 ಡಾಲರಿಗೆ ಸಿಗ್ತಿದ್ದ ಮಾಲು ಅದು! ಬಡ್ಡಿ ಕಟ್ಟೋಕೂ ಆಗದೆ, ಮಾಲು ಹೋಗದೆ, ಚೆನ್ನಾಗಿ ನಡೀತಿದ್ದ ಕಾರ್ಖಾನೆಗಳೂ ಮುಚ್ಚಿದವು. 1985ರ ಶುರುವಿನಲ್ಲಿ ಪೌಂಡು ಒಂದೇ ಡಾಲರಿನ ಹತ್ತಿರಕ್ಕೆ ಕುಸಿಯಿತು. ಮಾರೋಕೆ ಒಳ್ಳೆ ಕಾಲ ಅಲ್ವಾ? ಅಷ್ಟರಲ್ಲಿ ಯಂತ್ರಗಳು ಗುಜರಿಗೆ ಹೋಗಿದ್ದವು, ಕೆಲಸ ಬಲ್ಲವರು ಚದುರಿಹೋಗಿದ್ದರು.

1970ರಲ್ಲಿ ಈ ದೇಶದ ಉತ್ಪತ್ತಿಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕಾರ್ಖಾನೆಗಳದ್ದು. ಈಗ ಹತ್ತರಲ್ಲಿ ಒಂದು ಪಾಲೂ ಇಲ್ಲ. ಹಾಗಂತ ಇಲ್ಲಿ ಏನೂ ತಯಾರಾಗೋದಿಲ್ಲ ಅಂದ್ಕೋಬೇಡಿ. ವಿಮಾನದ ಎಂಜಿನ್ನಿಗೆ ಬೇಕಾದ ಭಾಗಗಳನ್ನ ಈಗಲೂ ಪಕ್ಕದ ರಾದರಮ್‌ನಲ್ಲಿ ಮಾಡ್ತಾರೆ. ಆದರೆ ಯಂತ್ರ ಜಾಸ್ತಿ, ಜನ ಕಡಿಮೆ.

ತಮಾಷೆ ಏನು ಗೊತ್ತಾ? ಇಲ್ಲಿನ ಫೋರ್ಜ್‌ಮಾಸ್ಟರ್ಸ್ ಕಾರ್ಖಾನೆಯನ್ನ 2021ರಲ್ಲಿ ರಕ್ಷಣಾ ಇಲಾಖೆಯೇ ಕೊಂಡಿತು. ಅಣು ಸಬ್‌ಮರೀನಿಗೆ ಬೇಕಾದ ಭಾರಿ ಭಾಗಗಳಿಗೆ ಅದೇ ದಿಕ್ಕು. 2025ರ ಏಪ್ರಿಲ್‌ನಲ್ಲಿ ಸ್ಕನ್‌ಥಾರ್ಪ್ ಊರಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆ ಆರಬಾರದು ಅಂತ ಶನಿವಾರ ರಜೆಯ ದಿನ ಪಾರ್ಲಿಮೆಂಟ್ ಕೂಡಿಸಿ ಕಾನೂನು ಮಾಡಿದರು. ಕಾರ್ಖಾನೆ ನಡೆಸೋದು ಸರ್ಕಾರದ ಕೆಲಸ ಅಲ್ಲ ಅಂತಿದ್ದ ಥ್ಯಾಚರಮ್ಮನ ಪಾರ್ಟಿಯವರೂ ಅದಕ್ಕೆ ಅಡ್ಡ ಬರಲಿಲ್ಲ.

ನಿಮಗೆ ಒಪ್ಪಿಗೆ ಇಲ್ಲದಿದ್ರೆ ಭಾನುವಾರ ಫೋನಿನಲ್ಲಿ ಜಗಳ ಆಡೋಣ. ಅಮ್ಮನಿಗೆ ನಮಸ್ಕಾರ ಹೇಳಿ.

ನಿಮ್ಮ ಮಗ