ಡಿಸ್ಕಿನ ಕೇಬಲ್ ಕಿತ್ತಿಡು

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹೊಸ ಕಂಪ್ಯೂಟರ್ ತಂದೆಯಂತೆ, ಸಂತೋಷ. ಯಾವ ಆಂಟಿವೈರಸ್ ಹಾಕಲಿ ಅಂತ ಕೇಳಿದ್ದೀಯ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಬಳಕೆಗೆ ಸಾಕು ಕಣೋ. ಯಾವುದೋ ಕ್ರ್ಯಾಕ್ ಮಾಡಿದ ಆಟ ಹಾಕಿಕೊಳ್ಳೋಕೆ ಅಂತ ಅದನ್ನು ಆಫ್ ಮಾಡಬೇಡ, ಅಷ್ಟೆ. ಕಾವಲುಗಾರನನ್ನು ಆಚೆ ಕಳಿಸು ಅಂತ ಕೇಳುವ ಪ್ರೋಗ್ರಾಮಿನ ಒಳಗೇ ಕಳ್ಳ ಇರುವುದುಂಟು.

ನೀನು ಕೇಳದೆ ಬಿಟ್ಟ ಪ್ರಶ್ನೆ ಬೇರೆ ಇದೆ: ಇಷ್ಟೆಲ್ಲ ಇದ್ದೂ ವೈರಸ್ ಒಳಗೆ ನುಗ್ಗಿಬಿಟ್ಟರೆ ಏನು ಉಳಿಯುತ್ತೆ?

ನನಗೆ ಏನೂ ಉಳಿಯಲಿಲ್ಲ. ಬಿಲ್ ಅಂತ ಹೇಳಿಕೊಂಡು ಮೇಲ್‌ನಲ್ಲಿ ಒಂದು ಫೈಲು ಬಂದಿತ್ತು. ಹೆಸರಿನ ಕೊನೆಯಲ್ಲಿ ಪಿಡಿಎಫ್ ಅಂತ ಕಾಣುತ್ತಿತ್ತು, ಒತ್ತಿದೆ. ಏನೂ ತೆರೆಯಲಿಲ್ಲ, ಸುಮ್ಮನಾದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಫೋಟೋಗಳ ಚಿತ್ರ ಒಂದೊಂದಾಗಿ ಅಳಿಸಿ ಬಿಳಿ ಹಾಳೆಯಾಗುತ್ತಿದ್ದವು; ಫೈಲುಗಳನ್ನು ತೆರೆಯಲಾಗದಂತೆ ವೈರಸ್ ಬೀಗ ಹಾಕುತ್ತಿತ್ತು. ಬ್ಯಾಕಪ್ ಇದೆಯಲ್ಲ ಅಂತ ಧೈರ್ಯವಾಗಿ ಪಕ್ಕಕ್ಕೆ ತಿರುಗಿದೆ. ಹೊರಗಿನ ಹಾರ್ಡ್ ಡಿಸ್ಕಿನ ದೀಪ ಮಿಣಮಿಣ ಅನ್ನುತ್ತಿತ್ತು. ಕೇಬಲ್ ಸದಾ ಚುಚ್ಚಿಕೊಂಡೇ ಇರುತ್ತಿತ್ತಲ್ಲ, ಅದಕ್ಕೂ ಬೀಗ ಬೀಳುತ್ತಿತ್ತು. ನೀನು ಮೊದಲ ಹೆಜ್ಜೆ ಇಟ್ಟ ವಿಡಿಯೋ ಅದರಲ್ಲೇ ಹೋಯಿತು. ದುಡ್ಡು ಕೊಟ್ಟರೆ ಬಿಡಿಸುತ್ತೇವೆ ಅಂತ ಓಲೆ ಬಿಟ್ಟಿದ್ದರು, ನಾನು ಕೊಡಲಿಲ್ಲ. ಕೊಟ್ಟವರಿಗೂ ಫೈಲು ವಾಪಸ್ ಸಿಕ್ಕೇ ಸಿಗುತ್ತೆ ಅಂತೇನಿಲ್ಲ.

ಆ ಪಿಡಿಎಫ್‌ನ ಹಿಂದೆ ಇಎಕ್ಸ್‌ಇ ಅಂತ ಇನ್ನೊಂದು ಬಾಲ ಇತ್ತು, ಅಂದರೆ ಅದು ಓದುವ ಕಾಗದವಲ್ಲ, ಪ್ರೋಗ್ರಾಮು. ಹೇಳದಿದ್ದರೆ ವಿಂಡೋಸ್ ಆ ಬಾಲವನ್ನು ತೋರಿಸುವುದಿಲ್ಲ. 2000ದ ಮೇ ತಿಂಗಳಲ್ಲಿ ಪ್ರೇಮಪತ್ರದ ಹೆಸರಿನಲ್ಲಿ ಜಗತ್ತನ್ನೇ ಸುತ್ತಿದ 'ಐ ಲವ್ ಯು' ವೈರಸ್ ಕೂಡ ಇದೇ ಆಟ ಆಡಿತ್ತು. ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ' ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿಬಿಡು, ಇವತ್ತೇ.

ಒತ್ತದೆ ಇದ್ದರೂ ಬರುವವು ಇವೆ. 2017ರ ಮೇ 12ರಂದು ಹಬ್ಬಿದ ವಾನಾಕ್ರೈ ಅನ್ನುವ, ಇದೇ ಥರ ಬೀಗ ಹಾಕಿ ದುಡ್ಡು ಕೇಳುವ ವೈರಸ್ ನೆಟ್‌ವರ್ಕಿನಲ್ಲೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಒಂದರಿಂದ ಒಂದಕ್ಕೆ ಹಾರುತ್ತಿತ್ತು, ಬ್ರಿಟನ್ನಿನ ಆಸ್ಪತ್ರೆಗಳನ್ನೂ ಬಿಡಲಿಲ್ಲ. ಅದು ಬಳಸಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳು 'ಆಮೇಲೆ ನೆನಪಿಸು' ಅಂತ ಒತ್ತುತ್ತಾ ಕೂತವರದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕತೆ. ಅಂದಹಾಗೆ, ಹಳೇ ಕಂಪ್ಯೂಟರನ್ನು ತಂಗಿಗೆ ಕೊಡುತ್ತೀಯಂತೆ. ವಿಂಡೋಸ್ 10 ಆದರೆ 2025ರ ಅಕ್ಟೋಬರ್ 14ಕ್ಕೇ ಅದರ ಮಾಮೂಲಿ ಬೆಂಬಲ, ಅಂದರೆ ಇಂಥ ಅಪ್‌ಡೇಟು ಕೊಡುವುದು, ಮುಗಿದಿದೆ. 11ಕ್ಕೆ ಏರಿಸಲು ಆಗುತ್ತಾ ನೋಡಿ ಕೊಡು.

'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ' ಅಂತ ಪರದೆ ತುಂಬಾ ಕೂಗಿಕೊಂಡರೆ ಹೆದರಬೇಡ, ಬರೀ ವೆಬ್ ಪೇಜು ಅದು. ಆಲ್ಟ್ ಜೊತೆ ಎಫ್4 ಒತ್ತಿ ಮುಚ್ಚು. ಮೇಲ್‌ನ ಪಾಸ್‌ವರ್ಡ್ ಮಾತ್ರ ಬೇರೆಲ್ಲೂ ಬಳಸಬೇಡ, ಎರಡು ಹಂತದ ಪರಿಶೀಲನೆಯನ್ನೂ ಹಾಕು. ಮಿಕ್ಕ ಖಾತೆಗಳ ಪಾಸ್‌ವರ್ಡ್ ಬದಲಾಯಿಸುವ ಕೊಂಡಿಯೆಲ್ಲ ಬರುವುದು ಆ ಮೇಲ್‌ಗೇ ತಾನೇ?

ಈಗ ನನ್ನ ಹತ್ತಿರ ಎರಡು ಡಿಸ್ಕ್ ಇವೆ. ಭಾನುವಾರ ಒಂದಕ್ಕೆ ಕಾಪಿ ಮಾಡಿ, ನಾಲ್ಕಾರು ಫೈಲು ತೆರೆದು ನೋಡಿ, ಕೇಬಲ್ ಕಿತ್ತು ಎತ್ತಿಡುತ್ತೇನೆ. ಇನ್ನೊಂದು ನಿಮ್ಮಪ್ಪನ ಬೀರುವಿನಲ್ಲಿದೆ, ಅವನಿಗೇ ಮರೆತಿರಬೇಕು. ಮುಂದಿನ ಸಲ ಬರುವಾಗ ಹುಡುಕಿ ತಾ, ಹೊಸ ಕಾಪಿ ಹಾಕಿ ಕೊಡುತ್ತೇನೆ.

ನಿನ್ನ ದೊಡ್ಡಪ್ಪ