ಉಪ್ಪಿನ ಮೀಟರ್ ಸರಿ ಮಾಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಸಮುದ್ರ ಮೀನಿನ ಒಂದೇ ಟ್ಯಾಂಕಿನ ನೀರಿಗೆ ಮೂವರ ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ನೀರಿನ ಉಪ್ಪು ಅಳೆಯುವ ಮೀಟರ್) ಮೂರು ಲೆಕ್ಕ ತೋರಿಸಿತು ಮಾರಾಯ್ರೆ! ನೀರಿನದ್ದೇನೂ ತಪ್ಪಿಲ್ಲ.

ಹೆಚ್ಚಿನವರು ಆರ್‌ಓ ನೀರು ಹಾಕಿ ಸೊನ್ನೆಗೆ ತಂದು ಸುಮ್ಮನಾಗುತ್ತೀರಿ, ಅಲ್ವಾ? ಅದು ಸಾಲದು. ಸೊನ್ನೆಯಲ್ಲಿ ಸರಿ ಇದ್ದದ್ದು 35 ಪಿಪಿಟಿಯಲ್ಲಿ, ಅಂದರೆ ಸಾವಿರ ಭಾಗಕ್ಕೆ 35 ಭಾಗ ಉಪ್ಪಿರುವ ಸಮುದ್ರದ ನೀರಿನ ಮಟ್ಟದಲ್ಲಿ, ತಪ್ಪಬಹುದು. ಕಡಿಮೆ ಬೆಲೆಯ ಎಷ್ಟೋ ಮೀಟರ್‌ಗಳ ಸ್ಕೇಲ್ ಬರೀ ಸೋಡಿಯಂ ಕ್ಲೋರೈಡ್ (ಅಡುಗೆ ಉಪ್ಪು) ಕರಗಿಸಿದ ನೀರಿಗೆ ಮಾಡಿದ್ದು, ಸಮುದ್ರದ ನೀರಿಗಲ್ಲ. ಮೀಟರ್ ಸರಿಹೊಂದಿಸುವ 35 ಪಿಪಿಟಿಯ ಕ್ಯಾಲಿಬ್ರೇಷನ್ ದ್ರಾವಣ ತರಿಸಿಕೊಳ್ಳಿ. ಸಿಗದಿದ್ದರೆ 963.5 ಗ್ರಾಂ ಶುದ್ಧ ನೀರಿಗೆ 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್ ಹಾಕಿ ಕರಗಿಸಿ. ಕಲ್ಲುಪ್ಪು ಬೇಡ. ಇದಕ್ಕೆ ಮೀಟರ್ 35 ತೋರಿಸುವಂತೆ ಹೊಂದಿಸಿ. ಈ ಲೆಕ್ಕ ರಿಫ್ರಾಕ್ಟೋಮೀಟರಿಗೆ ಮಾತ್ರ. ಕಂಡಕ್ಟಿವಿಟಿ ಮೀಟರ್ (ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ ಉಪ್ಪು ಅಳೆಯುವಂಥದ್ದು) ಇದ್ದವರಿಗೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಮೀಟರಿಗೆ 53 ಮಿಲಿಸೀಮೆನ್ಸ್ ತೋರಿಸುವ ದ್ರಾವಣ ಬೇರೆಯೇ ಬೇಕು.

ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ದ್ರಾವಣದ ಹನಿ ಹಾಕಿ ಅರ್ಧ ನಿಮಿಷ ಕಾಯಿರಿ. ಗುಳ್ಳೆ ಇರಬಾರದು.

ಮಂಗಳೂರಿನ ಪಣಂಬೂರು ಕಡಲಿನ ನೀರನ್ನೇ 35 ಅಂತ ಹಿಡಿಯುವ ಐಡಿಯಾ ಬಿಟ್ಟುಬಿಡಿ. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ ನದಿಗಳ ನೀರು ಕಡಲಿಗೆ ಸೇರಿ ದಡದ ಹತ್ತಿರ ಉಪ್ಪು ಇಳಿಯುತ್ತದೆ.

ನನ್ನ ಹತ್ತಿರ ದ್ರಾವಣ ಇದೆ. ಭಾನುವಾರ ಬೆಳಿಗ್ಗೆ ಮೀಟರ್ ಹಿಡಿದುಕೊಂಡು ಬನ್ನಿ. ಮೀಟರಿನ ಸ್ಕ್ರೂ ತಿರುಗಿಸಿ ಸರಿ ಮಾಡಲು ಸಣ್ಣ ಸ್ಕ್ರೂಡ್ರೈವರ್ ಮರೆಯಬೇಡಿ, ನನ್ನದು ಕಳೆದುಹೋಗಿದೆ.